ಪಾತ್ರೆ ಚೆಂದವಾದರೆ ಮದ್ಯ ಒಳ್ಳೆಯದೇ?

ಇತ್ತೀಚೆಗೆ ಮಂಗಳೂರಿನಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಶೋಕೇಸಿನಲ್ಲಿ ಮಕ್ಕಳ ಬಹುಮಾನದ ಕಪ್‌ಗಳ ನಡುವೆ ಒಂದು ಖಾಲಿ ವಿಸ್ಕಿ ಬಾಟಲಿ. ಅದರೊಳಗೆ ನೀರು, ನೀರಿನಲ್ಲಿ ಮನಿಪ್ಲಾಂಟ್ ಬಳ್ಳಿ. ಆ ಮನೆಯಲ್ಲಿ ಕುಡಿಯುವವರು ಯಾರೂ ಇಲ್ಲ. "ಯಾರೋ ಕೊಟ್ಟದ್ದು. ಚೆಂದ ಉಂಟಲ್ಲ, ಬಿಸಾಡಲು ಮನಸ್ಸು ಬರಲಿಲ್ಲ" ಎಂದರು. ಕಾಲೇಜು ಓದುವ ಅವರ ಮಗ ಒಂದು ಮಾತು ಸೇರಿಸಿದ: "ಒಳಗಿನದ್ದು ಒಳ್ಳೆಯದಲ್ಲದಿದ್ದರೆ ಬಾಟಲಿಗೆ ಇಷ್ಟು ಖರ್ಚು ಮಾಡ್ತಾರಾ ಅಂಕಲ್?" ಹುಡುಗ ಕುಡಿದವನಲ್ಲ. ಆದರೆ ಮದ್ಯ ಮಾರುವವರ ವಾದ ಅವನಿಗೆ ಬಾಯಿಪಾಠವಾಗಿತ್ತು. ಈ ವಾದಕ್ಕೆ ಉತ್ತರ ಕೊಡಲೇಬೇಕಾಗಿದೆ.

ಧರ್ಮದ ಮಾತು ಸ್ವಲ್ಪ ಬದಿಗಿರಲಿ. ಮದ್ಯದ ಮಾರುಕಟ್ಟೆಯದೇ ಲೆಕ್ಕ ನೋಡೋಣ. ಸ್ಕಾಟ್ಲೆಂಡಿನ ಮೆಕಾಲನ್ ಕಂಪೆನಿ 1926ರಲ್ಲಿ ಬಟ್ಟಿ ಇಳಿಸಿದ ವಿಸ್ಕಿಯ ಒಂದು ಪೀಪಾಯಿಯಿಂದ 1986ರಲ್ಲಿ 40 ಬಾಟಲಿ ತುಂಬಿಸಿತು. ಕೆಲವಕ್ಕೆ ಇಟಲಿಯ ಕಲಾವಿದ ವಲೇರಿಯೊ ಆದಾಮಿ ಲೇಬಲ್ ರಚಿಸಿದರು. ಒಂದರ ಮೇಲೆ ಐರ್ಲೆಂಡಿನ ಮೈಕೆಲ್ ಡಿಲ್ಲನ್ ಕೈಯಾರೆ ಚಿತ್ರ ಬರೆದರು. 2018ರ ಅಕ್ಟೋಬರಿನಲ್ಲಿ ಎಡಿನ್‌ಬರೋದ ಹರಾಜಿನಲ್ಲಿ ಆದಾಮಿ ಲೇಬಲ್‌ನ ಬಾಟಲಿಗೆ ಸುಮಾರು ಎಂಟೂವರೆ ಲಕ್ಷ ಪೌಂಡ್ ಸಿಕ್ಕಿತು. ಮರುತಿಂಗಳೇ ಲಂಡನ್ನಿನಲ್ಲಿ ಡಿಲ್ಲನ್ ಚಿತ್ರದ ಬಾಟಲಿ 12 ಲಕ್ಷ ಪೌಂಡಿಗೆ ಹೋಯಿತು. 2023ರಲ್ಲಿ ಆದಾಮಿ ಲೇಬಲ್‌ನ ಒಂದು ಬಾಟಲಿ 21 ಲಕ್ಷ ಪೌಂಡ್ ದಾಟಿತು. ಪೀಪಾಯಿ ಒಂದೇ, ವಿಸ್ಕಿ ಒಂದೇ. ಬೇರೆಯಾಗಿದ್ದದ್ದು ಮೇಲಿನ ಕಾಗದ, ಬಣ್ಣ ಮತ್ತು ಕೊಳ್ಳುವವರ ಪ್ರತಿಷ್ಠೆ. ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ, ಗಾಜಿನಲ್ಲಲ್ಲ ಎಂದು ಆ ಉದ್ಯಮದವರೇ ಹೇಳುತ್ತಾರೆ. ಹಾಗಾದರೆ ಗಾಜು ಯಾವುದರ ಸಾಕ್ಷಿ ಹೇಳೀತು?

2017ರಲ್ಲಿ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ ಚೀನಾದ ಗ್ರಾಹಕರೊಬ್ಬರು 1878ರದ್ದೆಂದು ಲೇಬಲ್ ಹೊತ್ತ ವಿಸ್ಕಿಯ ಕೇವಲ 20 ಮಿಲಿಲೀಟರಿಗೆ ಸುಮಾರು 10 ಸಾವಿರ ಸ್ವಿಸ್ ಫ್ರಾಂಕ್ ತೆತ್ತರು. ಆಮೇಲೆ ಪ್ರಯೋಗಾಲಯದ ಪರೀಕ್ಷೆಯಲ್ಲಿ ಆ ಮದ್ಯ 1970ರ ದಶಕದ್ದೆಂದು ಹೊರಬಿತ್ತು. ಹೋಟೆಲಿನವರು ಹಣ ಹಿಂದಿರುಗಿಸಬೇಕಾಯಿತು. ಬಾಟಲಿ ನೋಡಿ ನಂಬಿದವರ ಪಾಡು ಇದು.

ಬಾಟಲಿಯ ಆಕಾರಕ್ಕೆ ಪ್ರಾಮಾಣಿಕ ಕಾರಣಗಳೂ ಇರಬಹುದು, ಒಪ್ಪೋಣ. ಜಾನಿ ವಾಕರ್‌ನ ಚೌಕ ಬಾಟಲಿ 19ನೇ ಶತಮಾನದಲ್ಲಿ ಬಂದದ್ದು ಪೆಟ್ಟಿಗೆಯಲ್ಲಿ ಹೆಚ್ಚು ಹಿಡಿಯಲಿ, ಸಾಗಣೆಯಲ್ಲಿ ಕಡಿಮೆ ಒಡೆಯಲಿ ಎಂದು. ಆದರೆ ಅದು ಸಾಗಣೆಯ ಜಾಣ್ಮೆ, ಗುಣದ ಪ್ರಮಾಣಪತ್ರವಲ್ಲ. ನಮ್ಮಲ್ಲಂತೂ ಅಗ್ಗದ ವಿಸ್ಕಿಯ ಬಹುಪಾಲು ಕಬ್ಬಿನ ಕಾಕಂಬಿಯ ಆಲ್ಕೋಹಾಲಿಗೆ ಬಣ್ಣ, ರುಚಿ ಸೇರಿಸಿದ್ದು. ಯುರೋಪಿನ ಕಾನೂನು ಅದನ್ನು ವಿಸ್ಕಿಯೆಂದೇ ಒಪ್ಪುವುದಿಲ್ಲ. ಆದರೂ ಬಾಟಲಿಯ ಮೇಲೆ ರಾಜಮನೆತನದ ಲಾಂಛನ, ಚಿನ್ನದ ಅಕ್ಷರ!

ಇನ್ನು ಈ 'ಗುಣಮಟ್ಟ' ಎಂದರೇನು? ಹರಳುಗಾಜಿನ ಬಾಟಲಿಯಲ್ಲಿರುವ ಎಥನಾಲ್, ಟೆಟ್ರಾ ಪ್ಯಾಕಿನಲ್ಲಿರುವ ಎಥನಾಲ್ ಒಂದೇ. ಮದ್ಯಪಾನೀಯಗಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸಾರಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲವೆಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಯಕೃತ್ತು ಲೇಬಲ್ ಓದುವುದಿಲ್ಲ.

ಇಲ್ಲಿ ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಪ್ರಸಂಗ ನೆನಪಾಗುತ್ತದೆ. ತಮ್ಮನ್ನು ಕಾಣಲು ಬಂದ ಅಬ್ದುಲ್ ಕೈಸ್ ಗೋತ್ರದ ನಿಯೋಗಕ್ಕೆ ಅವರು ಪಾನೀಯ ಹುದುಗಿಸಲು ಬಳಸುತ್ತಿದ್ದ ಕೆಲವು ಪಾತ್ರೆಗಳನ್ನೇ ನಿಷೇಧಿಸಿದ್ದರು. ಸೋರೆಬುರುಡೆ, ಖರ್ಜೂರದ ಕಾಂಡ ಕೊರೆದು ಮಾಡಿದ ಪಾತ್ರೆ ಇತ್ಯಾದಿ. ಮುಂದೆ ಆ ಪಾತ್ರೆಗಳಿಗೆ ಅನುಮತಿ ನೀಡಿದರು. ಪಾತ್ರೆಯು ಯಾವುದನ್ನೂ ಹಲಾಲ್ ಅಥವಾ ಹರಾಮ್ ಮಾಡುವುದಿಲ್ಲ, ಮತ್ತೇರಿಸುವುದೆಲ್ಲವೂ ಹರಾಮ್ ಎಂಬುದು ಅವರ ಬೋಧನೆಯ ಸಾರ. ಎಷ್ಟು ನೇರವಾದ ಮಾತು! ಪಾತ್ರೆಗೆ ಪಾಪವಿಲ್ಲ, ಪುಣ್ಯವೂ ಇಲ್ಲ. ತೀರ್ಮಾನವಾಗಬೇಕಾದದ್ದು ಒಳಗಿರುವುದರ ಮೇಲೆ.

ಆದರೆ ನಮ್ಮ ಸಮಾಜ ಪಾತ್ರೆ ನೋಡಿಯೇ ತೀರ್ಪು ಕೊಡುತ್ತಿದೆ. ಪ್ಲಾಸ್ಟಿಕ್ ಪ್ಯಾಕೆಟಿನ ಸಾರಾಯಿ ಕುಡಿದವನು ಕುಡುಕ. ಹೊಳೆಯುವ ಬಾಟಲಿಯಿಂದ ಕುಡಿದವನು 'ಸೋಶಿಯಲ್ ಡ್ರಿಂಕರ್'. ಕರ್ನಾಟಕ ಸರಕಾರ 2007ರ ಜುಲೈಯಲ್ಲಿ ಸಾರಾಯಿ ನಿಷೇಧಿಸಿದಾಗ ಎಷ್ಟೋ ತಾಯಂದಿರು ನಿಟ್ಟುಸಿರು ಬಿಟ್ಟರು. ಆದರೆ ಕುಡಿತ ನಿಂತಿತೇ? ಪ್ಯಾಕೆಟ್ ಹೋಗಿ ಬಾಟಲಿ ಬಂತು, ಬೊಕ್ಕಸಕ್ಕೆ ವರಮಾನವೂ ಬಂತು. ಕೂಲಿಯ ಹಣ ಮನೆ ಸೇರದ ಹೆಂಗಸಿಗೆ ಗಂಡ ಕುಡಿದದ್ದು ಯಾವ ಪಾತ್ರೆಯಿಂದ ಎಂಬುದರಿಂದ ಏನು ವ್ಯತ್ಯಾಸವಾದೀತು?

ಅಂದದ ಹೊದಿಕೆಯ ಬಲ ತಿಳಿಯಬೇಕಾದರೆ ತಂಬಾಕಿನ ಕತೆ ನೋಡಿ. ಆಸ್ಟ್ರೇಲಿಯಾ 2012ರಲ್ಲಿ ಸಿಗರೇಟು ಪ್ಯಾಕಿನ ಬಣ್ಣ, ಲಾಂಛನಗಳನ್ನೆಲ್ಲ ಕಿತ್ತುಹಾಕಿದಾಗ ಕಂಪೆನಿಗಳು ಕೋರ್ಟು ಮೆಟ್ಟಿಲೇರಿದವು. ಒಳಗಿನ ಸಿಗರೇಟನ್ನು ಯಾರೂ ಮುಟ್ಟಿರಲಿಲ್ಲ. ಹೊದಿಕೆ ಹೋದದ್ದಕ್ಕೇ ಅಷ್ಟು ಸಂಕಟ! ನಮ್ಮ ದೇಶದಲ್ಲೂ 2016ರಿಂದ ಸಿಗರೇಟು ಪ್ಯಾಕಿನ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆಯಿದೆ. ಮದ್ಯದ ಬಾಟಲಿಗೋ? 2019ರಿಂದ ಕಡ್ಡಾಯವಾದ ಒಂದೆರಡು ಸಾಲಿನ ಸಣ್ಣಕ್ಷರದ ಬರಹ ಮಾತ್ರ. ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ. ಆದರೆ ಅಂಗಡಿಯ ಕಪಾಟಿನಲ್ಲಿ, ನಮ್ಮ ಶೋಕೇಸಿನಲ್ಲಿ ಬಾಟಲಿಯೇ ಜಾಹೀರಾತಾಗಿ ನಿಂತಿದೆ. ಸಿಗರೇಟಿಗೆ ಹಾಕಿದ ಕಾನೂನನ್ನು ಈ ಬಾಟಲಿಗೂ ಹಾಕಲಿ. ರೋಗಗ್ರಸ್ತ ಯಕೃತ್ತಿನ ಚಿತ್ರ ಆ ಚಿನ್ನದ ಅಕ್ಷರಗಳ ಜಾಗದಲ್ಲಿ ಬರಲಿ. ಆಗಲೂ 'ಒಳಗಿನದ್ದು ಒಳ್ಳೆಯದು' ಎನ್ನುವ ಧೈರ್ಯ ಯಾರಿಗಿದೆ, ನೋಡೋಣ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಮಗಾ, ಈ ಬಾಟಲಿಯೊಳಗೆ ಇವತ್ತು ಬಳ್ಳಿ ಬದುಕಿದೆ. ಅದು ಮದ್ಯವನ್ನು ಚೆಲ್ಲಿ, ತೊಳೆದು, ನೀರು ತುಂಬಿದ ಮೇಲೆ."