ಊರಿಗೆ ಕೊಟ್ಟ ಹಣದ ಮೇಲೂ ತೆರಿಗೆಯೇ?

ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಶಿಕ್ಷಕರೇ, ಅಡತಿ ವ್ಯಾಪಾರಸ್ಥರೇ, ವೈದ್ಯರೇ, ವಕೀಲರೇ, ನೌಕರ ಬಂಧುಗಳೇ,

ನಮ್ಮ ಭಾಗದಲ್ಲಿ ಸರ್ಕಾರದ ದಾರಿ ಕಾಯದೆ ಆದ ಕೆಲಸಗಳು ಎಷ್ಟಿವೆ ಎಂದು ಒಮ್ಮೆ ನೋಡಿ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ 1910ರಲ್ಲಿ ಹುಟ್ಟಿದ್ದು ಫ.ಗು. ಹಳಕಟ್ಟಿ ಎಂಬ ವಕೀಲರ ಮುಂದಾಳತ್ವದಲ್ಲಿ. ಬ್ರಿಟಿಷರ ಕಾಲ, ಬರದ ಜಿಲ್ಲೆ. ಅದನ್ನು ಮುಂದೆ ಬೆಳೆಸಿದವರಲ್ಲಿ ಬಂಥನಾಳದ ಸಂಗನಬಸವ ಶಿವಯೋಗಿಗಳೂ ಒಬ್ಬರು. ಇವತ್ತಿಗೂ ಪ್ರಸಾದನಿಲಯದ ಜೋಳ-ಬೇಳೆ, ಶಾಲೆಗೊಂದು ಹೆಚ್ಚಿನ ಕೋಣೆ, ಕಣ್ಣಿನ ಆಪರೇಶನ್ ಶಿಬಿರ ಎಂದರೆ ನಾಲ್ಕು ಜನ ಪಟ್ಟಿ ಹಿಡಿದು ಅಂಗಡಿ ಅಂಗಡಿ ತಿರುಗಬೇಕು.

ಹೀಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆ ಕಾಯ್ದೆ ಒಂದು ಮರ್ಯಾದೆ ಇಟ್ಟಿತ್ತು. ಅದೇ 80ಜಿ ಕಲಂ. ಮಾನ್ಯತೆ ಪಡೆದ ಊರಿನ ಟ್ರಸ್ಟಿಗೆ ಕೊಟ್ಟ ಹಣದಲ್ಲಿ ಅರ್ಧವನ್ನು, ಆದಾಯದ ಶೇ. 10ರ ಮಿತಿಯೊಳಗೆ, ತೆರಿಗೆಯ ಲೆಕ್ಕದಿಂದ ಬಿಟ್ಟುಬಿಡುತ್ತಿದ್ದರು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದು ಕಲಮಿನ ಅಂಕಿ ಬದಲಾಗಿದೆ. ಜನರ ಬಾಯಲ್ಲಿ ಅದು ಇನ್ನೂ 80ಜಿಯೇ, ನಾವೂ ಹಾಗೇ ಕರೆಯುತ್ತೇವೆ.

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 2020ರ ಬಜೆಟ್ಟಿನಲ್ಲಿ ‘ಹೊಸ ಪದ್ಧತಿ’ ಬಂತು: ದರ ಕಡಿಮೆ, ಆದರೆ ದಾನಕ್ಕೆ ವಿನಾಯಿತಿ ಇಲ್ಲ. 2023-24ರಿಂದ, ಬೇರೆ ಹೇಳದಿದ್ದರೆ ಎಲ್ಲರೂ ಈ ಪದ್ಧತಿಯಲ್ಲೇ ಇದ್ದಂತೆ ಎಂದು ಮಾಡಿದರು. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನುಗಳಲ್ಲಿ 5.27 ಕೋಟಿ ಹೊಸ ಪದ್ಧತಿಯವು. ಅಂದರೆ ಕಲಂ ಪುಸ್ತಕದಲ್ಲಿ ಉಳಿಯಿತು, ಅದನ್ನು ಬಳಸುವವರು ಕಡಿಮೆಯಾದರು. ಯಾರೂ ರದ್ದು ಮಾಡಲಿಲ್ಲ, ಹಾಗಾಗಿ ಯಾರೂ ಕೂಗಲೂ ಇಲ್ಲ.

“12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ಮತ್ತೇನು ಬೇಕ್ರಿ?” ಎನ್ನುವವರಿದ್ದಾರೆ. ನಿಜ, ಅಷ್ಟು ಆದಾಯದೊಳಗಿನವರಿಗೆ ಈ ಕರಪತ್ರದಿಂದ ಕೈಗೆ ಬರುವಂಥದ್ದು ಏನೂ ಇಲ್ಲ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರೈತರಿಗೂ ಇಲ್ಲ. ಆದರೆ ಶಾಲೆಗೆ ಕೋಣೆ ಕಟ್ಟಿಸಿಕೊಡುವಷ್ಟು ದೊಡ್ಡ ಮೊತ್ತ ಬರುವುದು ಅದಕ್ಕಿಂತ ಮೇಲಿನವರಿಂದ. ಲೆಕ್ಕ ಹಾಕಿ ನೋಡೋಣ. ತೆರಿಗೆ ಬೀಳುವ ಆದಾಯ 18 ಲಕ್ಷ ಇರುವ ಒಬ್ಬ ಡಾಕ್ಟರು ಒಂದು ಪ್ರಸಾದನಿಲಯಕ್ಕೆ 1 ಲಕ್ಷ ಕೊಡುತ್ತಾರೆ ಎನ್ನಿ. 2025-26ರ ದರದಲ್ಲಿ ಹೊಸ ಪದ್ಧತಿಯಲ್ಲಿ ಅವರ ತೆರಿಗೆ, ಸೆಸ್ ಸೇರಿ, 1,66,400 ರೂಪಾಯಿ. ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ. 80ಜಿ ಸಲುವಾಗಿ ಹಳೆ ಪದ್ಧತಿಗೆ ಹೋದರೆ, ಬೇರೆ ವಿನಾಯಿತಿ ಇಲ್ಲದ ಪಕ್ಷದಲ್ಲಿ, 3,51,000 ಕಟ್ಟಬೇಕು! ಒಂದು ಪಾವತಿ ತೋರಿಸಲು 1,84,600 ರೂಪಾಯಿ ಹೆಚ್ಚಿಗೆ ತೆರುವ ಹುಚ್ಚರು ಯಾರಿದ್ದಾರೆ?

ಅದೇ ಹೊಸ ಪದ್ಧತಿಯಲ್ಲೇ ಅರ್ಧಕ್ಕೆ ವಿನಾಯಿತಿ ಕೊಟ್ಟರೆ ಸರ್ಕಾರ ಬಿಡಬೇಕಾದದ್ದು 10,400 ರೂಪಾಯಿ. ಊರಿಗೆ ಬರುವುದು ಪೂರ್ತಿ 1 ಲಕ್ಷ. ಉಳಿದ 89,600 ಡಾಕ್ಟರ ಸ್ವಂತ ಕಿಸೆಯದು. ಇದನ್ನು ಶ್ರೀಮಂತರಿಗೆ ಕೊಟ್ಟ ಕೊಡುಗೆ ಎನ್ನುವವರು ಈ ಲೆಕ್ಕವನ್ನೊಮ್ಮೆ ಕೈಯಲ್ಲಿ ಮಾಡಿ ನೋಡಲಿ.

ಹೊಸ ಪದ್ಧತಿ ಸರಳವಾಗಿರಬೇಕು, ಅದಕ್ಕೇ ಯಾವ ವಿನಾಯಿತಿಯೂ ಬೇಡ ಎಂಬುದು ದೆಹಲಿಯ ವಾದ. ಆದರೆ ನೌಕರನ ಎನ್‌ಪಿಎಸ್ ಖಾತೆಗೆ ಮಾಲೀಕ ತುಂಬುವ ಹಣಕ್ಕೆ ಅಲ್ಲೂ ವಿನಾಯಿತಿ ಇದೆ, ಅಗ್ನಿವೀರ ನಿಧಿಗೂ ಇದೆ. ಅವಕ್ಕೆ ಜಾಗ ಸಿಕ್ಕಿದೆ ಎಂದ ಮೇಲೆ ಬಡಮಕ್ಕಳ ಊಟಕ್ಕೆ ಒಂದು ಸಾಲು ಬರೆಯಲು ಕಾಗದ ಸಾಲದೆ ಹೋಯಿತೇ? ಇನ್ನೊಂದು ಮಾತು, ಇದನ್ನು ಓದಿ ಸ್ವಲ್ಪ ಸಿಟ್ಟು ಬಂದರೆ ತಪ್ಪಲ್ಲ. ಹಳೆ ಪದ್ಧತಿಯಲ್ಲಿ ರಾಜಕೀಯ ಪಕ್ಷಕ್ಕೆ ಚೆಕ್ಕಿನಲ್ಲಿ ಕೊಟ್ಟ ದೇಣಿಗೆಗೆ ನೂರಕ್ಕೆ ನೂರು ವಿನಾಯಿತಿ, ಅದಕ್ಕೆ ಶೇ. 10ರ ಮಿತಿಯೂ ಇಲ್ಲ. ಹಳೆ ಕಾಯ್ದೆಯಲ್ಲಿ ಅದು ಕಲಂ 80ಜಿಜಿಸಿ. ಊರಿನ ಅಂಧರ ಶಾಲೆಗೆ ಕೊಟ್ಟರೆ ಅರ್ಧ! ಕಾಯ್ದೆ ಬರೆದವರು ಯಾರು ಎಂದು ಕೇಳುವ ಅಗತ್ಯವಿಲ್ಲ.

ನಮ್ಮವರಲ್ಲೇ ಏಳುವ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ದಾಸೋಹದ ನೆಲ ಇದು, ಕೊಟ್ಟದ್ದಕ್ಕೆ ಪಾವತಿ ಹಿಡಿದು ತೆರಿಗೆ ಇಳಿಸಿ ಎಂದರೆ ಪುಣ್ಯವೆಲ್ಲಿ ಉಳಿಯಿತು? ಹಳಕಟ್ಟಿಯವರು ವಚನ ಅಚ್ಚು ಹಾಕಿಸಲು ಇದ್ದ ಮನೆ ಮಾರಿದರು, ಅವರಿಗೆ ಯಾವ 80ಜಿ ಇತ್ತು? ಇರಲಿಲ್ಲ. ಆದರೆ ಮನೆ ಮಾರುವವರನ್ನು ಎಣಿಸಿಕೊಂಡು ಕಾಯ್ದೆ ಬರೆಯಲಾಗದು. ಕೊಡುವ ಮನಸ್ಸಿದ್ದೂ ಮಗಳ ಕಾಲೇಜು ಫೀ, ಮನೆ ಸಾಲದ ಕಂತು ನೆನಪಾಗಿ 50,000ದ ಬದಲು 10,000 ಬರೆಯುವವರೇ ನಮ್ಮಲ್ಲಿ ಹೆಚ್ಚು. ಆ ಕೈಯನ್ನು ಸ್ವಲ್ಪ ಮುಂದೆ ತಳ್ಳುವುದಷ್ಟೇ ಈ ವಿನಾಯಿತಿಯ ಕೆಲಸ. ಲೆಕ್ಕ ಇಡುವುದು ಭಕ್ತಿಗೆ ಕಡಿಮೆ ಎನ್ನುವವರಿಗೂ ಒಂದು ಮಾತು. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಅಣ್ಣ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳ ರಾಜನ ಭಂಡಾರಿಯಾಗಿದ್ದ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿ ಹೋದಾಗ ಲೆಕ್ಕ ತೆಗೆಸಿ ನೋಡಿದರು, ಒಂದು ಹೊನ್ನೂ ಕಡಿಮೆ ಇರಲಿಲ್ಲ ಎಂದು ಪುರಾಣ ಹೇಳುತ್ತದೆ. ದಾಸೋಹ ಮಾಡಿದವನೇ ಲೆಕ್ಕವನ್ನೂ ಇಟ್ಟಿದ್ದ.

ಸುಳ್ಳು ಪಾವತಿ ಮಾರುವವರಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಪರಿಶೀಲನೆ ಮಾಡಿದ್ದು ಇಂಥ ಸುಳ್ಳು ವಿನಾಯಿತಿಗಳ ಬೆನ್ನು ಹತ್ತಿಯೇ. ಹಿಡಿಯಲಿ, ದಂಡ ಹಾಕಲಿ. ಹಿಡಿಯುವ ದಾರಿಯೂ ಈಗಾಗಲೇ ಇದೆ. ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಸಂಖ್ಯೆ, ಮೊತ್ತ ಎಲ್ಲವನ್ನೂ ಟ್ರಸ್ಟಿನವರು ಪ್ರತಿ ವರ್ಷ ಮೇ 31ರೊಳಗೆ ಇಲಾಖೆಗೆ ತುಂಬಬೇಕು ಎಂಬ ನಿಯಮ 2021-22ರಿಂದ ಬಂತು. ಹಳೆ ಕಾಯ್ದೆಯಲ್ಲಿ ಆ ಫಾರ್ಮಿನ ಹೆಸರು 10ಬಿಡಿ. ತಡವಾದರೆ ದಿನಕ್ಕೆ 200 ರೂಪಾಯಿ. ಇಷ್ಟು ಬಿಗಿ ಇರುವಾಗ ಪ್ರಾಮಾಣಿಕ ದಾನಿಯ ವಿನಾಯಿತಿಯನ್ನೇ ಕಿತ್ತುಹಾಕುವುದೇಕೆ?

ಈ ಬಿಗಿಯಲ್ಲಿ ಸಣ್ಣ ಟ್ರಸ್ಟುಗಳು ನಲುಗುವುದು ಬೇರೆ ಕಥೆ. ಶ್ರಾವಣದ ಜಾತ್ರೆಯ ದಿನ ಕಾರ್ಬನ್ ಹಾಳೆ ಇಟ್ಟ ಪಾವತಿ ಪುಸ್ತಕ, ಬಾಲ್‌ಪೆನ್ನು ಹಿಡಿದು ಕೂತವರ ಮುಂದೆ ಜನ ನುಗ್ಗುತ್ತಾರೆ. “ಬರಕೋರಿ, ಸಾವಿರದ ಒಂದು” ಎಂದು ನೋಟು ಇಟ್ಟು ನಡೆದುಬಿಡುತ್ತಾರೆ, ಪ್ಯಾನ್ ನಂಬರ್ ಕೇಳುವಷ್ಟರಲ್ಲಿ ಆಸಾಮಿ ಜನರ ನಡುವೆ ಮಾಯ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ, ಇದು 2017ರಿಂದ. ಧಾನ್ಯಕ್ಕಂತೂ ಇಲ್ಲವೇ ಇಲ್ಲ. ಅಡತಿಯವರು ಪ್ರಸಾದನಿಲಯದ ಬಾಗಿಲಿಗೆ ಹತ್ತು ಚೀಲ ಬಿಳಿಜೋಳ ಇಳಿಸಿದರೆ ಕಾಯ್ದೆಯ ಕಣ್ಣಿಗೆ ಅದು ದಾನವಲ್ಲ. ಆ ಜೋಳ ಮಾರಿ ಚೆಕ್ ಬರೆದರೆ ದಾನ! ಅದೇ ಚೆಕ್ಕಿನಿಂದ ಮತ್ತೆ ಜೋಳ ಕೊಳ್ಳಬೇಕು.

ಕಾಯ್ದೆಯ ಒಂದು ಷರತ್ತನ್ನು ಮಾತ್ರ ಸಡಿಲಿಸಿ ಎಂದು ನಾವು ಕೇಳುವುದಿಲ್ಲ. ಒಂದೇ ಮತದ, ಒಂದೇ ಜಾತಿಯ ಹಿತಕ್ಕೆ ನಿಂತ ಸಂಸ್ಥೆಗೆ 80ಜಿ ಸಿಗದು. ಬಸವಣ್ಣನ ಊರಿನವರಾಗಿ ಇದಕ್ಕೆ ನಾವು ಬೇಸರಪಡಬಾರದು. ಎಲ್ಲರ ಮಕ್ಕಳಿಗೂ ಬಾಗಿಲು ತೆರೆದವರಿಗೆ ಎಲ್ಲರ ಖಜಾನೆಯಿಂದ ಸಹಾಯ ಎನ್ನುವುದು ನ್ಯಾಯವೇ.

ಹೊರದೇಶಗಳೂ ಈ ದಾರಿಯಲ್ಲಿ ಎಡವಿ ಎದ್ದಿವೆ. ಅಮೆರಿಕದಲ್ಲಿ 2017ರ ಕಾನೂನು ಎಲ್ಲರಿಗೂ ಸಿಗುವ ಸಾಮಾನ್ಯ ಕಡಿತವನ್ನು ಸುಮಾರು ದುಪ್ಪಟ್ಟು ಮಾಡಿದಾಗ ಬಹಳ ಜನರಿಗೆ ದಾನದ ವಿನಾಯಿತಿ ಬೇಡವಾಯಿತು. 2025ರಲ್ಲಿ ಅಲ್ಲಿನವರು ಅದನ್ನು ಕೊಂಚ ತಿದ್ದಿಕೊಂಡು, ಸಾಮಾನ್ಯ ಕಡಿತ ಪಡೆದವರಿಗೂ 2026ರಿಂದ ಒಬ್ಬರಿಗೆ 1,000 ಡಾಲರ್, ದಂಪತಿಗೆ 2,000 ಡಾಲರ್ ದಾನದ ವಿನಾಯಿತಿ ಇಟ್ಟರು. ಬ್ರಿಟನ್ನಿನದು ನಮಗೆ ಇನ್ನೂ ಹಿಡಿಸಿದ ದಾರಿ. ತೆರಿಗೆ ಕಟ್ಟುವವರು 100 ಪೌಂಡ್ ಕೊಟ್ಟರೆ ಸರ್ಕಾರ 25 ಪೌಂಡನ್ನು ನೇರವಾಗಿ ಸಂಸ್ಥೆಗೇ ಸೇರಿಸುತ್ತದೆ. ದಾನಿಗೆ ಲಾಭವಾಯಿತು ಎಂಬ ಮಾತಿಗೆ ಅಲ್ಲಿ ಎಡೆ ಕಡಿಮೆ. ದೆಹಲಿಗೆ ಅದೇ ಒಪ್ಪಿಗೆಯಾದರೆ ನಮ್ಮದೂ ಅಡ್ಡಿಯಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಹೊಸ ಪದ್ಧತಿಯಲ್ಲೂ ದಾನದ ವಿನಾಯಿತಿ ಇರಲಿ. ಶಾಲೆ, ಪ್ರಸಾದನಿಲಯ, ಆಸ್ಪತ್ರೆಗೆ ಕೊಟ್ಟ ಹಣಕ್ಕೆ ರಾಜಕೀಯ ಪಕ್ಷಕ್ಕಿಂತ ಕಡಿಮೆ ಬೆಲೆ ಬೇಡ. ಎ.ಪಿ.ಎಂ.ಸಿ. ಬಿಲ್ಲು ಇರುವ ಧಾನ್ಯವನ್ನೂ ದಾನವೆಂದು ಎಣಿಸಲಿ.

ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2016ರಿಂದ ರಾಜ್ಯಸಭೆಯಲ್ಲಿ ಪ್ರತಿನಿಧಿಸುತ್ತಿರುವುದು ಕರ್ನಾಟಕವನ್ನು. ನಮ್ಮ ಪತ್ರ ಅವರಿಗೆ ಪರ ಊರಿನ ಪತ್ರವಲ್ಲ. ಬಜೆಟ್ ಮಂಡನೆ ಫೆಬ್ರವರಿ 1ಕ್ಕೆ, ಅದರ ತಯಾರಿ ತಿಂಗಳುಗಟ್ಟಲೆ ಮೊದಲೇ ನಡೆದಿರುತ್ತದೆ. ಆದ್ದರಿಂದ ದೀಪಾವಳಿಯೊಳಗೆ ಬರೆಯಿರಿ: ಒಂದು ಪ್ರತಿ ಹಣಕಾಸು ಸಚಿವರಿಗೆ, ಒಂದು ವಿಜಯಪುರದ ಲೋಕಸಭಾ ಸದಸ್ಯರಿಗೆ. ಕನ್ನಡದಲ್ಲೇ ಬರೆಯಿರಿ. ಕಳೆದ ವರ್ಷ ನೀವು ಕೊಟ್ಟ ದೇಣಿಗೆಯ ಪಾವತಿಯ ಜೆರಾಕ್ಸ್ ಒಂದನ್ನು ಜೊತೆಗೆ ಲಗತ್ತಿಸಿ, ಪ್ಯಾನ್ ನಂಬರ್ ಮೇಲೆ ಮಸಿ ಎಳೆದು. ಮತ ಕೇಳಲು ಬಂದವರು ಯಾವ ಪಕ್ಷದವರೇ ಇರಲಿ, ಊಟಕ್ಕೆ ಕೂರಿಸಿ, ಈ ಕರಪತ್ರವನ್ನು ಎದುರಿಗಿಟ್ಟು ಹೌದೋ ಅಲ್ಲವೋ ಕೇಳಿ.

ಬಸವನ ಬಾಗೇವಾಡಿಯ ಕೆಲವು ದಾನಿಗಳು, ಪಟ್ಟಿ ಎತ್ತುವವರು, ಲೆಕ್ಕ ಬರೆಯುವವರು
(ಓದಿದ ಮೇಲೆ ಪಕ್ಕದ ಅಂಗಡಿಗೆ ಕೊಡಿ)