ಚೆನ್ನೆಮಣೆಗೊಂದು ಮುಖಚಿತ್ರ

ಆಟಿ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ತುಳುನಾಡಿನ ಮನೆಗಳಲ್ಲಿ ಅಟ್ಟದಿಂದ ಇಳಿದು ಬರುತ್ತಿದ್ದ ವಸ್ತುಗಳಲ್ಲಿ ಚೆನ್ನೆಮಣೆಯೂ ಒಂದು. ನಮ್ಮ ಸವಣೂರು, ಕಾಣಿಯೂರು ಕಡೆಯ ಹಳೆಯ ಮನೆಗಳಲ್ಲಿ ಮಣೆ ಈಗಲೂ ಉಂಟು, ಕೂತು ಆಡುವವರು ಕಡಿಮೆ. ಸಾಲಿಗೆ ಏಳರಂತೆ ಎರಡು ಸಾಲಿನಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಎದುರುಬದುರಾಗಿ ಇಬ್ಬರು. ಕಲಿಯಲು ಹೆಚ್ಚು ಹೊತ್ತು ಬೇಡ. ಸೋತವರು ಮಾತ್ರ ಇನ್ನೊಂದು ಆಟ ಎನ್ನದೆ ಏಳುವುದಿಲ್ಲ. ಮೊಬೈಲ್ ಲೋಕದವರು ‘ಕ್ಯಾಶುವಲ್ ಗೇಮ್’ ಎಂದು ಕರೆಯುವುದು ಇಂಥದ್ದನ್ನೇ. ಲೂಡೋ 2016ರಲ್ಲಿ ‘ಲೂಡೋ ಕಿಂಗ್’ ಆಗಿ ಬಂದು ದೇಶದ ಫೋನುಗಳನ್ನೆಲ್ಲ ಹೊಕ್ಕಿತು. ಚೆನ್ನೆಮಣೆ, ಅಳಗುಳಿಮಣೆ ಹೆಸರಿನ ಸಣ್ಣಪುಟ್ಟ ಆ್ಯಪ್‌ಗಳೂ ಬಂದಿವೆ, ಆದರೆ ಅವು ಯಾರ ಕಣ್ಣಿಗೂ ಬಿದ್ದಂತಿಲ್ಲ. ಆಟದಲ್ಲಿ ಕೊರತೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಕೊರತೆ ಇರುವುದು ಹೊರಗಿನ ಚಿತ್ರದಲ್ಲಿ.

ಆಟವೊಂದನ್ನು ಜಗತ್ತಿನ ಮುಂದಿಡುವ ಖರ್ಚು ಈಗ ದೊಡ್ಡದಲ್ಲ. ಗೂಗಲ್ ಪ್ಲೇಯಲ್ಲಿ ಒಮ್ಮೆ 25 ಡಾಲರ್ ಕಟ್ಟಿ ಖಾತೆ ತೆರೆದರಾಯಿತು. ಕಂಪ್ಯೂಟರ್ ಆಟಗಳ ಅಂಗಡಿ ಸ್ಟೀಮ್‌ನಲ್ಲಿ ಆಟವೊಂದಕ್ಕೆ 100 ಡಾಲರ್. ಹೀಗಾಗಿಯೇ ಅಲ್ಲಿ ನೂಕುನುಗ್ಗಲು. ಸ್ಟೀಮ್ ಒಂದರಲ್ಲೇ 2024ರಲ್ಲಿ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ಇಷ್ಟರ ನಡುವೆ ನಿಮ್ಮ ಆಟಕ್ಕೆ ಸಿಗುವ ಜಾಗ ಎಷ್ಟು? ಪ್ಲೇ ಸ್ಟೋರಿಗೆ ಕೊಡಬೇಕಾದ ಐಕಾನ್ 512 ಪಿಕ್ಸೆಲ್‌ನ ಚೌಕ. ಅದರ ನಾಲ್ಕು ಮೂಲೆಗಳನ್ನು ಗೂಗಲ್ ತಾನೇ ಉರುಟು ಮಾಡುತ್ತದೆ, ಆಮೇಲೆ ಫೋನಿನ ಪರದೆಯಲ್ಲಿ ಅದು ಹೆಬ್ಬೆರಳಿನ ಉಗುರಿನಷ್ಟಾಗುತ್ತದೆ. ಸ್ಟೀಮ್‌ನ ಅತಿ ಚಿಕ್ಕ ಚಿತ್ರಪಟ್ಟಿ 462×174 ಪಿಕ್ಸೆಲ್. ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಆಟದ ಮೇಲೆ ಅಪರಿಚಿತನೊಬ್ಬ ಬೆರಳಿಡುತ್ತಾನೋ ಇಲ್ಲವೋ ಎಂಬುದು ಅಷ್ಟರಲ್ಲೇ ತೀರ್ಮಾನ.

ಸಣ್ಣ ಜಾಗದಲ್ಲಿ ಆಟದ ಚಿತ್ರ ಬರೆಯುವ ವಿದ್ಯೆ ನಮ್ಮ ನಾಡಿಗೆ ಹೊಸತೇನಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಆಟಗಳೆಂದರೆ ಹುಚ್ಚು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮಣೆಗಳನ್ನು ಬರೆಸಿದರು. ಅವರ ಆಶ್ರಯದಲ್ಲಿ ಬೆಳೆದ, ಇಸ್ಪೀಟಿನಂಥ ಗಂಜೀಫಾ ಆಟದ ಎಲೆಗಳನ್ನು ಇಂದಿನ ಐಕಾನ್ ಬರೆಯುವವರು ಒಮ್ಮೆ ನೋಡಬೇಕು. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ, ಒಂದೊಂದೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ರಾಜ, ಮಂತ್ರಿ ಎಲೆಗಳಲ್ಲಷ್ಟೇ ಪೂರ್ಣ ಆಕೃತಿ. ಉಳಿದ ಹತ್ತರಲ್ಲಿ ಬರೇ ಗುರುತು: ಮತ್ಸ್ಯಾವತಾರಕ್ಕೆ ಮೀನು, ಪರಶುರಾಮನಿಗೆ ಕೊಡಲಿ. ಹಿನ್ನೆಲೆಗೆ ಒಂದೇ ಗಟ್ಟಿ ಬಣ್ಣ. ಕೈತುಂಬ ಎಲೆ ಹಿಡಿದವನಿಗೆ ಒಂದೊಂದನ್ನೂ ದಿಟ್ಟಿಸಿ ನೋಡಲು ಪುರುಸೊತ್ತು ಎಲ್ಲಿಯದು? ಉಡುಪಿ ಕಡೆಯಿಂದ ಮೈಸೂರು ಸೀಮೆಗೆ ಹೋದ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ನಮ್ಮ ಕಾಲದಲ್ಲಿ ಮರುಜೀವ ಕೊಟ್ಟರು. ಅವರ ಕುಂಚದ ಸೂಕ್ಷ್ಮವನ್ನು ಎಲ್ಲರೂ ಹೊಗಳುತ್ತಾರೆ. ಗಂಜೀಫಾ ಪರಂಪರೆ ಎಲೆಯ ಮೇಲೆ ಏನನ್ನು ಬರೆಯದೆ ಬಿಟ್ಟಿದೆ ಎಂಬುದನ್ನೂ ನೋಡಬೇಕು ಎನ್ನುತ್ತೇನೆ ನಾನು.

ಹಾಗಾದರೆ ಚೆನ್ನೆಮಣೆಯ ಐಕಾನಿನಲ್ಲಿ ಏನಿರಬೇಕು? ತುಳುವರಿಗೆ ಚೆನ್ನೆ ಎಂದಾಕ್ಷಣ ನೆನಪಾಗುವುದು ಸಿರಿ ಪಾಡ್ದನದ ಅಬ್ಬಗ-ದಾರಗ. ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬೀಳುತ್ತಾರೆ, ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆಯುತ್ತಾಳೆ, ತಂಗಿ ಸತ್ತದ್ದು ಕಂಡು ತಾನೂ ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಾಯಿತು. ಅಷ್ಟು ದೊಡ್ಡ ಕಾವ್ಯದಲ್ಲೂ ಮರೆಯಲಾಗದ ಸನ್ನಿವೇಶ ಇದು. ಕೂದಲು ಕೆದರಿದ ಹೆಣ್ಣು, ಎತ್ತಿ ಹಿಡಿದ ಮಣೆ, ಗಾಳಿಯಲ್ಲಿ ಚೆಲ್ಲಿದ ಕೆಂಪು ಕಾಯಿಗಳು. ಯಾವ ಚಿತ್ರಕಾರನ ಕೈಯೂ ತುರಿಸೀತು.

ಆದರೂ ಬೇಡ. ಆ ಚಿತ್ರ ನೋಡಿ ಬರುವವನು ರಕ್ತ, ಸೇಡು, ದೆವ್ವದ ಆಟ ಹುಡುಕಿಕೊಂಡು ಬರುತ್ತಾನೆ. ಒಳಗೆ ಅವನಿಗೆ ಸಿಗುವುದು ಮಳೆಗಾಲದ ಮಧ್ಯಾಹ್ನ ಕಳೆಯುವ ಕಾಯಿಯೆಣಿಕೆ. ಎರಡು ನಿಮಿಷಕ್ಕೆ ಆ್ಯಪ್ ಅಳಿಸಿ, ಒಂದು ನಕ್ಷತ್ರ ಕೊಟ್ಟು ಹೋಗುತ್ತಾನೆ. ಅತ್ತ ಇದೇ ಆಟ ಬೇಕಾಗಿದ್ದ ಅಜ್ಜಿ-ಮೊಮ್ಮಗಳು ಆ ಚಿತ್ರಕ್ಕೆ ಹೆದರಿ ಮುಂದೆ ಹೋಗಿರುತ್ತಾರೆ. ಪಾಡ್ದನದ ಕಥೆಯನ್ನೇ ಆಟವಾಗಿಸುವವರಿಗೆ ಅದು ಸರಿಯಾದ ಚಿತ್ರ. ಬರೇ ಚೆನ್ನೆಗೆ ಅಲ್ಲ.

ದೈವದ ಮುಖದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2022ರ ‘ಕಾಂತಾರ’ ಸಿನಿಮಾದ ನಂತರ ಕರಾವಳಿ ಎಂದರೆ ದೈವದ ಅಣಿ, ಗಗ್ಗರ, ಹಳದಿ ಬಳಿದ ಮುಖ ಎಂದಾಗಿದೆ. ಚೆನ್ನೆಯಾಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಮೇಲಾಗಿ ನಂಬಿದವರ ಮನಸ್ಸು ನೋಯುತ್ತದೆ. ಯಕ್ಷಗಾನದ ಕಿರೀಟವೂ ಅಷ್ಟೇ, ಸಿಕ್ಕಿದ್ದಕ್ಕೆಲ್ಲ ತೊಡಿಸಿ ಅದು ಸವೆದುಹೋಗಿದೆ. ಪರವೂರಿನವನಿಗೆ ‘ಇದು ಕರ್ನಾಟಕದ್ದು’ ಎಂದು ಅದರಿಂದ ತಿಳಿದೀತು, ಒಳಗೆ ತಾನು ಏನು ಮಾಡಬೇಕು ಎಂದು ತಿಳಿಯದು. 2012ರಲ್ಲಿ ‘ಕ್ಲ್ಯಾಶ್ ಆಫ್ ಕ್ಲ್ಯಾನ್ಸ್’ ಗೆದ್ದ ಮೇಲೆ ಸ್ಟೋರಿನ ತುಂಬ ಬಾಯಿ ತೆರೆದು ಅರಚುವ ಮೀಸೆಯವರೇ ಕಾಣತೊಡಗಿದರು. ನಮ್ಮವರು ಅದೇ ಅರಚುವ ಮುಖಕ್ಕೆ ಕಿರೀಟ ಇಟ್ಟರೆ ದೊಡ್ಡ ವ್ಯತ್ಯಾಸವೇನೂ ಆಗದು.

ನನ್ನ ಕೇಳಿದರೆ ಒಂದು ಕೈ ಸಾಕು. ಮೇಲಿನಿಂದ ಇಳಿದ ಕೈ, ಬೆರಳ ತುದಿಯಿಂದ ಆಗಷ್ಟೇ ಜಾರಿದ ಒಂದು ಕೆಂಪು ಕಾಯಿ, ಕೆಳಗೆ ಕಪ್ಪು ಮರದಲ್ಲಿ ಎರಡೋ ಮೂರೋ ಗುಳಿ. ಹದಿನಾಲ್ಕನ್ನೂ ತೋರಿಸಲು ಹೋದರೆ ಐಕಾನ್ ಜೇನುಗೂಡಿನಂತೆ ಕಂಡೀತು. ನೀಲಿ-ಹಸಿರಿನ ಆಟಗಳ ಸಾಲಿನಲ್ಲಿ ಮಂಜೊಟ್ಟಿಯ ಆ ಕೆಂಪು ತಾನಾಗಿ ಎದ್ದು ಕಾಣುತ್ತದೆ. ಕಾಯಿ ಎತ್ತುವುದು, ಹಾಕುತ್ತ ಹೋಗುವುದು, ಇದೇ ಆಟ. ನೋಡಿದವನ ಬೆರಳಿಗೂ ಅದೇ ಆಸೆ ಹುಟ್ಟಬೇಕು.

ಹೆಸರಿನ ತಾಪತ್ರಯ ಬೇರೆ. ಇಂಗ್ಲಿಷಿನ ದಪ್ಪಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ಕೂರುತ್ತವೆ. ಕನ್ನಡಕ್ಕೆ ಮೇಲೆ ಗುಣಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ‘ಚೆನ್ನೆ’ಯ ನಕಾರದ ಒತ್ತಿಗೆ ಜಾಗ ಬಿಟ್ಟರೆ, 174 ಪಿಕ್ಸೆಲ್ ಎತ್ತರದ ಪಟ್ಟಿಯಲ್ಲಿ ಅಕ್ಷರದ ಮೈ ಕುಗ್ಗುತ್ತದೆ. ಅದಕ್ಕೇ, ಸಿದ್ಧ ಫಾಂಟನ್ನು ಒತ್ತಿ ಹಿಗ್ಗಿಸಿ ಕೂರಿಸಬಾರದು, ಹೆಸರನ್ನು ಕೈಯಲ್ಲೇ ಬರೆಸಬೇಕು, ಒತ್ತು ಅಕ್ಷರದ ಹೊಟ್ಟೆಗೆ ಅಂಟಿಕೊಳ್ಳುವಂತೆ. ಬಸ್ಸು, ಅಂಗಡಿಗಳ ಬೋರ್ಡು ಬರೆದು ಬದುಕಿದ ಕಲಾವಿದರು ಪುತ್ತೂರು ಪೇಟೆಯಲ್ಲೂ ಇದ್ದರು, ಫ್ಲೆಕ್ಸ್ ಬಂದು ಅವರ ಕೆಲಸ ಹೋಯಿತು. ಅವರಿಗೆ ಈ ಲೆಕ್ಕ ಕೈಯಲ್ಲೇ ಇತ್ತು. ಐಕಾನಿನಲ್ಲಂತೂ ಹೆಸರೇ ಬೇಡ, ಸ್ಟೋರ್ ತಾನೇ ಕೆಳಗೆ ಬರೆಯುತ್ತದೆ. ಸ್ಟೀಮ್ ಭಾಷೆಗೊಂದು ಬೇರೆ ಚಿತ್ರ ಹಾಕಲು ಬಿಡುತ್ತದೆ, ಗೂಗಲ್ ಪ್ಲೇಯಲ್ಲಿ ಕನ್ನಡದ ಪುಟವನ್ನೇ ಬೇರೆ ಮಾಡಬಹುದು. ಈ ಸವಲತ್ತನ್ನು ಬಳಸುವ ಕನ್ನಡಿಗರು ಕಡಿಮೆ.

ಚಿತ್ರದ ಮೇಲೆ ‘ನಂಬರ್ 1’, ‘ಪ್ರಶಸ್ತಿ ವಿಜೇತ’, ‘50% ರಿಯಾಯಿತಿ’ ಎಂದು ಬರೆಯುವ ಆಸೆ ಕೆಲವರಿಗೆ. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಅದನ್ನು ನಿಲ್ಲಿಸಿತು: ಆಟದ ಚಿತ್ರ, ಹೆಸರು, ಉಪಶೀರ್ಷಿಕೆ ಬಿಟ್ಟು ಬೇರೇನೂ ಸಲ್ಲದು. ಒಳ್ಳೆಯದೇ ಆಯಿತು. ಸುಳ್ಳು ಚಿತ್ರಕ್ಕೆ ಬಿದ್ದ ಪೆಟ್ಟೂ ಉಂಟು. ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಆಟಗಳ ಜಾಹೀರಾತಿನಲ್ಲಿ ತೋರಿಸಿದ್ದು ಆಟದ ಬಹುಪಾಲಿಗೆ ಸಂಬಂಧಪಡದ ಒಗಟು, ಒಳಗಿದ್ದದ್ದು ಮುಖ್ಯವಾಗಿ ಒಂದೇ ಬಗೆಯ ಮೂರನ್ನು ಜೋಡಿಸುವ ಆಟ. ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2020ರಲ್ಲಿ ಅವನ್ನು ತಡೆದರು. 1970ರ ದಶಕದ ಅಟಾರಿ ಡಬ್ಬಿಗಳ ಮೇಲೂ ಒಳಗಿನ ನಾಲ್ಕು ಚೌಕಗಳಿಗಿಂತ ಭವ್ಯವಾದ ವರ್ಣಚಿತ್ರ ಇರುತ್ತಿತ್ತು. ಆಗಿನವರು ಸಹಿಸಿದ್ದು ಬೇರೆ ಆಯ್ಕೆ ಇಲ್ಲದ್ದರಿಂದ. ಈಗ ಪಕ್ಕದಲ್ಲೇ ಹತ್ತು ಆಟಗಳಿವೆ, ಅಳಿಸುವುದಕ್ಕೆ ಕಾಸು ಖರ್ಚಿಲ್ಲ.

ಯಾವ ಚಿತ್ರ ಗೆಲ್ಲುತ್ತದೆ ಎಂದು ಮನೆಯಲ್ಲಿ ಕೂತು ವಾದಿಸಬೇಕಿಲ್ಲ. ಈಗಿರುವ ಐಕಾನಿನ ಎದುರು ಇನ್ನು ಮೂರನ್ನಿಟ್ಟು, ಜನ ಯಾವುದನ್ನು ಕಂಡು ಆಟ ಇಳಿಸಿಕೊಳ್ಳುತ್ತಾರೆ ಎಂದು ನೋಡುವ ಏರ್ಪಾಡು ಗೂಗಲ್ ಪ್ಲೇಯಲ್ಲೇ ಉಂಟು, ಪುಕ್ಕಟೆ. ಕನಿಷ್ಠ ಒಂದು ವಾರ ಬಿಡಬೇಕು, ರಜಾದಿನದ ಜನ ಬೇರೆ, ಕೆಲಸದ ದಿನದ ಜನ ಬೇರೆ. ಅದಕ್ಕೂ ಮೊದಲು ಚಿತ್ರವನ್ನು ಉಗುರಿನಷ್ಟು ಮಾಡಿ, ಬಣ್ಣ ತೆಗೆದು ಬರೇ ಕಪ್ಪುಬಿಳುಪಿನಲ್ಲಿ, ಬಿಸಿಲಿಗೆ ಹಿಡಿದು ನೋಡಿ. ಬಸ್ ಕಾಯುವವರ ಕೈಗೂ ಕೊಡಿ. ‘ಚಂದ ಉಂಟಾ?’ ಎಂದು ಕೇಳಿದರೆ ನಮ್ಮ ಊರಿನವರು ಮುಲಾಜಿಗೆ ಚಂದ ಎಂದೇ ಹೇಳುತ್ತಾರೆ. ‘ಇದರೊಳಗೆ ಏನು ಮಾಡ್ಲಿಕ್ಕುಂಟು?’ ಎಂದು ಕೇಳಿ.

ಪುತ್ತೂರಿನ ಕೊಂಬೆಟ್ಟಿನಿಂದ ಸುಳ್ಯದವರೆಗೆ ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ನಿಮ್ಮಲ್ಲಿ ಯಾರಾದರೂ ಚೆನ್ನೆಯನ್ನು ಫೋನಿಗೆ ತರುವುದಾದರೆ ಮುಖಚಿತ್ರದ ಕೆಲಸವನ್ನು ಕೊನೆಯ ವಾರಕ್ಕೆ ಇಡಬೇಡಿ, ಉಳಿದ ಚಿಲ್ಲರೆಯಲ್ಲಿ ಮಾಡಿಸಬೇಡಿ. ಮೊದಲ ತಿಂಗಳಲ್ಲೇ ಒಬ್ಬ ಚಿತ್ರಕಾರನನ್ನು ಕರೆದು ಕೂರಿಸಿ, ಎದುರು ಮಣೆಯಿಟ್ಟು ಒಂದು ಆಟ ಆಡಿಸಿ, ಕೇಳಿದ ಸಂಭಾವನೆ ಕೊಟ್ಟು ಬರೆಸಿ.