ಗೂಗಲ್ ಗಂಜಿನ ದಲ್ಲಾಳಿಗಳು

ರಾಯಚೂರು ಗಂಜಿನಲ್ಲಿ ರೈತನ ಹತ್ತಿಗೆ ಅಡತಿ ಕೊಡುವುದು ಹಳೆಯ ಕಥೆ. ಈಗ ದೇವದುರ್ಗ, ಮಾನ್ವಿಯ ಸಣ್ಣ ಅಂಗಡಿಕಾರನ ಹೆಸರಿಗೂ ಅಡತಿ ಬಂದಿದೆ! “ಗೂಗಲಿನಲ್ಲಿ ನಿಮ್ಮ ಅಂಗಡಿಯನ್ನೇ ಮೊದಲು ತೋರಿಸುತ್ತೇವೆ, ತಿಂಗಳಿಗಿಷ್ಟು ಕೊಡಿ” ಎನ್ನುವ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ.

ಇದು ಶುದ್ಧ ಮೋಸ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಕಂಪನಿಯೇ ಹೇಳಿದೆ. ಅದರ ನಕ್ಷೆಯಲ್ಲಿ ಅಂಗಡಿ ದಾಖಲಿಸಲು ಕಾಸು ಬೇಡ. ವಿಳಾಸ, ಫೋನು, ಬಾಗಿಲು ತೆರೆಯುವ ವೇಳೆ ಸರಿಯಾಗಿ ಕೊಡಿ. ವೆಬ್‌ಸೈಟಿನಲ್ಲಿ ಮಾಲು, ದರ, ಊರಿನ ಹೆಸರನ್ನು ಗಿರಾಕಿ ಹುಡುಕುವ ಮಾತಿನಲ್ಲೇ, ಕನ್ನಡದಲ್ಲೂ ಬರೆಯಿರಿ. ದುಡ್ಡು ಕೊಟ್ಟು ಹೊಗಳಿಕೆ ಬರೆಸಬೇಡಿ.

ಆದರೆ ತಕ್ಕಡಿಯೇ ವಾಲಿದ್ದರೆ? ಹುಡುಕಾಟದಲ್ಲಿ ಪಕ್ಷಪಾತ ಮಾಡಿತೆಂದು 2018ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗೂಗಲಿಗೆ ಸುಮಾರು 136 ಕೋಟಿ ರೂಪಾಯಿ ದಂಡ ಹಾಕಿತು. ಹುಡುಕಾಟದಲ್ಲಿ ಅದು ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆಯೆಂದು 2024ರಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪಿತ್ತಿತು. ಜಾಹೀರಾತಿಗೆ ಹಣ ಸುರಿಯಬಲ್ಲವನು ಮೇಲೆ, ಸುರಿಯಲಾರದವನು ಕೆಳಗೆ. ಆ ಹಣ ಕೊನೆಗೆ ಮಾಲಿನ ದರಕ್ಕೆ ಸೇರಿ ಗಿರಣಿ ಕಾರ್ಮಿಕನ ಕೂಲಿಯನ್ನೇ ತಿನ್ನುತ್ತದೆ.

ಕಾರ್ಮಿಕ ಬಂಧುಗಳೇ, ವರ್ತಕರೇ! ಓದಿದ ಹುಡುಗರು ಬೀದಿಬೀದಿಗೆ ಹೋಗಿ ಅಂಗಡಿಗಳನ್ನು ಬಿಟ್ಟಿಯಾಗಿ ದಾಖಲಿಸಿಕೊಡಲಿ. ತೂಕದ ಕಲ್ಲಿಗೆ ಸರಕಾರದ ಮುದ್ರೆ ಬೇಕೆಂದು ಕಾನೂನಿದೆ. ಈ ಹೊಸ ಗಂಜಿನ ತಕ್ಕಡಿಗೂ ಅಂಥದೇ ಕಾನೂನು ಬರಲೆಂದು ಒಕ್ಕೊರಲಿನಿಂದ ಕೇಳೋಣ.